ಉಪ್ಪಿನ ಋಣ, ನಾಡಿನ ಋಣ

1834ರ ಏಪ್ರಿಲ್ ಮೊದಲ ವಾರ. ಈಸ್ಟ್ ಇಂಡಿಯಾ ಕಂಪನಿಯ ದಂಡು ಹಲವು ತುಕಡಿಗಳಾಗಿ ಬೇರೆ ಬೇರೆ ದಿಕ್ಕಿನಿಂದ ಕೊಡಗಿನ ಗಡಿ ಹತ್ತಿತ್ತು. ಕೆಲವು ದಾರಿಗಳಲ್ಲಿ ಕೊಡಗಿನವರು ಕಡಂಗಗಳೆಂಬ ಕಂದಕಗಳ ಮರೆಯಲ್ಲಿ ನಿಂತು ಗುಂಡು ಹಾರಿಸಿ ಆ ತುಕಡಿಗಳನ್ನು ಹಿಮ್ಮೆಟ್ಟಿಸಿದರು. ಕರ್ನಲ್ ಫ್ರೇಸರ್ ಬಂದ ದಾರಿಯಲ್ಲಿ ಹಾಗಾಗಲಿಲ್ಲ. ಅರಸನ ದಿವಾನ ಅಪ್ಪಾರಂಡ ಬೋಪಣ್ಣನೇ ಎದುರು ಬಂದು ಆ ದಂಡನ್ನು ಮಡಿಕೇರಿಗೆ ಕರೆದುಕೊಂಡು ಹೋದ. ಏಪ್ರಿಲ್ 6ರಂದು ಕೋಟೆ ಕಂಪನಿಯ ವಶವಾಯಿತು. 10ರಂದು ನಾಲ್ಕುನಾಡು ಅರಮನೆಯಲ್ಲಿದ್ದ ಅರಸ ಚಿಕವೀರರಾಜೇಂದ್ರ ಶರಣಾದ. ಅದೇ ತಿಂಗಳು ಅವನನ್ನು ಪರಿವಾರ ಸಮೇತ ಕೊಡಗಿನಿಂದ ಹೊರಗೆ ಕರೆದೊಯ್ದರು. ಇನ್ನೂರು ವರ್ಷಕ್ಕೂ ಮಿಕ್ಕಿ ಆಳಿದ ಹಾಲೇರಿ ಮನೆತನದ ರಾಜ್ಯ ಅಲ್ಲಿಗೆ ಮುಗಿಯಿತು.

ಬೋಪಣ್ಣ ಮಾಡಿದ್ದು ದ್ರೋಹವೇ? ಅರಸನ ಉಪ್ಪು ತಿಂದವನು ಅರಸನ ಕೋಟೆಗೆ ಶತ್ರುವನ್ನು ಕರೆತಂದ ಎಂದರೆ ಉತ್ತರ ಸುಲಭ. ಆದರೆ ಆ ಅರಸನ ಕಾಲದಲ್ಲಿ ಕೊಡಗಿನ ಮನೆಗಳು ಅನುಭವಿಸಿದ್ದನ್ನು ಕೇಳಿದ ಮೇಲೆ ಆ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಪ್ರಕಟಿಸಿದ ‘ಚಿಕವೀರ ರಾಜೇಂದ್ರ’ ಕಾದಂಬರಿ ಇಡೀ ನಿಂತಿರುವುದು ಈ ಸಿಕ್ಕಿನ ಮೇಲೆ. ಅದನ್ನು ಓದಿದವರಲ್ಲಿ ಬಹಳ ಮಂದಿ ‘ಕೆಟ್ಟ ಅರಸನೊಬ್ಬನ ಕಥೆ’ ಎಂದು ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ಒಳ್ಳೆಯವರ ಕಥೆಯಾಗಿ ಕಾಣುತ್ತದೆ. ರಾಣಿ, ತಂಗಿ, ಇಬ್ಬರು ಮಂತ್ರಿಗಳು, ಊರಿನ ಹಿರಿಯರು ಎಲ್ಲರೂ ತಮ್ಮ ತಮ್ಮ ಧರ್ಮಕ್ಕೆ ತಕ್ಕದ್ದನ್ನೇ ಮಾಡುತ್ತಾರೆ. ಅವರೆಲ್ಲ ಮಾಡಿದ ಸರಿಗಳು ಒಟ್ಟು ಸೇರಿ ನಾಡು ಪರರ ಪಾಲಾಗುತ್ತದೆ. ಕನ್ನಡದ ಐತಿಹಾಸಿಕ ಕಾದಂಬರಿಗಳಲ್ಲಿ ಇಷ್ಟು ನೋಯಿಸುವ ಕಟ್ಟಡ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಕಾದಂಬರಿಯ ನೋವು ತಿಳಿಯಬೇಕಾದರೆ ಆ ಮನೆತನದ ಹಿಂದಿನ ತಲೆಮಾರನ್ನು ಸ್ವಲ್ಪ ನೋಡಬೇಕು. ಚಿಕವೀರರಾಜೇಂದ್ರನ ದೊಡ್ಡಪ್ಪ ದೊಡ್ಡವೀರರಾಜೇಂದ್ರ. ಟಿಪ್ಪು ಸುಲ್ತಾನನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು 1788ರಲ್ಲಿ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮತ್ತೆ ಕಟ್ಟಿದ. ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದವನು ಅವನೇ. ಅಲ್ಲಿಗೆ ಹೋದವರಿಗೆ ‘ಅರಮನೆ’ ಎಂಬ ಮಾತು ದೊಡ್ಡದಾಯಿತು ಅನ್ನಿಸುತ್ತದೆ. ಮರದ ಕೆತ್ತನೆಯ ಕಂಬ, ಬಣ್ಣದ ಚಿತ್ರ ಬರೆದ ಗೋಡೆ ಮತ್ತು ಮಾಳಿಗೆ ಇರುವ ಎರಡಂತಸ್ತಿನ ಮನೆ. ಅದರ ಮುಂದೆ ಸಣ್ಣದೊಂದು ಮಂಟಪ. ದೊಡ್ಡವೀರರಾಜೇಂದ್ರ 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದದ್ದು ಆ ಮಂಟಪದಲ್ಲಿ. ಆ ಮದುವೆ ಕಂಡ ಮನೆಯಲ್ಲಿದ್ದಾಗಲೇ ಮೂವತ್ತೆಂಟು ವರ್ಷದ ನಂತರ ಅವನ ತಮ್ಮನ ಮಗ ಶರಣಾದ.

ದೊಡ್ಡವೀರರಾಜೇಂದ್ರನಿಗೆ ಗಂಡು ಸಂತಾನವಿರಲಿಲ್ಲ. ಮಗಳು ದೇವಮ್ಮಾಜಿಗೆ ಪಟ್ಟ ಸಿಗಬೇಕೆಂದು ಕಂಪನಿ ಸರ್ಕಾರಕ್ಕೆ ಬರೆದು ಒಪ್ಪಿಗೆ ಪಡೆದಿದ್ದ. 1807ರಲ್ಲಿ ಮಹದೇವಮ್ಮಾಜಿ ತೀರಿಕೊಂಡ ಮೇಲೆ ಅವನ ಬುದ್ಧಿ ಸ್ಥಿಮಿತ ತಪ್ಪಿತು. ಸಂಶಯ ಬಂದವರನ್ನೆಲ್ಲ ಕೊಲ್ಲಿಸುವುದು, ಆಮೇಲೆ ಪಶ್ಚಾತ್ತಾಪದಿಂದ ಬೇಯುವುದು, ಹೀಗೆಯೇ 1809ರಲ್ಲಿ ಸತ್ತ. ತಮ್ಮ ಲಿಂಗರಾಜ ಹುಡುಗಿಯ ಪರವಾಗಿ ರಾಜ್ಯ ನೋಡಿಕೊಳ್ಳುತ್ತೇನೆಂದು ಬಂದು 1811ರಲ್ಲಿ ತಾನೇ ಅರಸನೆಂದು ಸಾರಿಕೊಂಡ. ಅಣ್ಣನ ಮಗಳ ಪಾಲಿನದನ್ನು ಕಸಿದುಕೊಂಡ ಆ ಲಿಂಗರಾಜನ ಮಗನೇ ನಮ್ಮ ಕಥೆಯ ಚಿಕವೀರರಾಜೇಂದ್ರ. 1820ರಲ್ಲಿ ಪಟ್ಟಕ್ಕೆ ಬಂದಾಗ ಇಪ್ಪತ್ತರ ಆಸುಪಾಸಿನ ಹುಡುಗ.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಬಗ್ಗೆ ಅಲ್ಲಿನವರು ಹೇಳುವ ಒಂದು ಕಥೆಯಿದೆ. ಲಿಂಗರಾಜ ಒಬ್ಬ ಬ್ರಾಹ್ಮಣನ ಮಗಳ ಮೇಲೆ ಕಣ್ಣು ಹಾಕಿದ, ಅಡ್ಡ ಬಂದ ತಂದೆಯನ್ನು ಕೊಲ್ಲಿಸಿದ, ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡತೊಡಗಿದಾಗ ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ ಎಂಬುದು ಆ ಕಥೆ. ಚರಿತ್ರೆ ಎಷ್ಟು, ಕಥೆ ಎಷ್ಟು ಎಂದು ತೂಗುವ ಅಗತ್ಯ ನನಗೆ ಕಾಣುವುದಿಲ್ಲ. ಅಪ್ಪ ಮಾಡಿದ ಪಾಪ ಆ ಊರಿನ ನಡುವೆ ಗುಡಿಯಾಗಿ ನಿಂತಿದೆ ಎಂದು ಜನ ನಂಬಿದ್ದಾರೆ, ಅದೇ ಮುಖ್ಯ. ಮಾಸ್ತಿಯವರ ಕಾದಂಬರಿ ಹಿಡಿದುಕೊಂಡದ್ದೂ ಇದೇ ಎಳೆಯನ್ನು. ತಂದೆ ಹೊತ್ತ ಋಣ ಮಕ್ಕಳ ಮನೆಯಲ್ಲಿ ಹೇಗೆ ವಸೂಲಾಗುತ್ತದೆ ಎಂಬುದನ್ನು ಅವರು ಕುಂಟಬಸವನ ಮೂಲಕ ತೋರಿಸುತ್ತಾರೆ.

ಬಸವ ಅರಮನೆಯ ನಾಯಿಗಳನ್ನು ನೋಡಿಕೊಂಡು ಬೆಳೆದ ಕುಂಟ ಹುಡುಗ. ಅರಸನ ಬಾಲ್ಯದ ಜೊತೆಗಾರ, ಬೆಳೆದ ಮೇಲೆ ಅವನ ಎಲ್ಲ ಚಪಲಗಳಿಗೆ ದಾರಿ ಮಾಡಿಕೊಡುವವ, ಕೊನೆಗೆ ಮಂತ್ರಿ. ಚರಿತ್ರೆಯಲ್ಲೂ ಅಂಥ ಒಬ್ಬ ಬಸವ ಇದ್ದ. ಬ್ರಿಟಿಷರ ಬರಹಗಳಲ್ಲಿ ಅವನು ನೀಚರಲ್ಲಿ ನೀಚ. ಮಾಸ್ತಿಯವರು ಅವನಿಗೆ ಒಬ್ಬ ತಾಯಿಯನ್ನು ಕೊಟ್ಟರು, ಆ ತಾಯಿಗೆ ಭಗವತಿ ಎಂದು ಹೆಸರಿಟ್ಟರು, ಬಸವ ಲಿಂಗರಾಜನಿಗೇ ಹುಟ್ಟಿದವನು ಎಂದು ಮಾಡಿದರು. ಅಂದರೆ ಅರಸನ ಪಾದದ ಬಳಿ ಕುಳಿತವನು ಅವನ ಅಣ್ಣ. ಅರಸನಿಗೆ ಇದು ಗೊತ್ತಿಲ್ಲ. ಬಸವನಿಗೂ ಬಹುಕಾಲ ಗೊತ್ತಿರುವುದಿಲ್ಲ. ಒಂದೇ ತಂದೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಸಿಂಹಾಸನದ ಮೇಲೆ, ಇನ್ನೊಬ್ಬ ನಾಯಿಗಳ ನಡುವೆ. ಇಬ್ಬರೂ ಹಾಳಾಗಿದ್ದಾರೆ, ಮತ್ತು ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಕಾದಂಬರಿಯಲ್ಲಿ ಅರಸನ ಮೇಲೆ ಎಣಿಕೆಯಿಲ್ಲದ ಪ್ರೀತಿ ಇರುವುದು ಬಸವನೊಬ್ಬನಿಗೇ. ಅವನು ಸಾಯುವುದೂ ಆ ಅರಸನ ಕೈಯಲ್ಲೇ. ಆ ಭಾಗ ಓದುವಾಗ, ಇಷ್ಟು ಹೊತ್ತು ಹೇಸಿಗೆಯಿಂದ ನೋಡಿದ ಮನುಷ್ಯನಿಗಾಗಿ ಕಣ್ಣು ತುಂಬುತ್ತದೆ. ದೊಡ್ಡ ಕಾದಂಬರಿಕಾರರಿಗೆ ಮಾತ್ರ ಆಗುವ ಕೆಲಸ ಇದು.

ಮನೆಯ ಬಿರುಕು ಬಯಲಿಗೆ ಬೀಳುವುದು ತಂಗಿಯ ವಿಷಯದಲ್ಲಿ. ಅರಸನ ತಂಗಿಯ ಹೆಸರೂ ದೇವಮ್ಮಾಜಿ. ದೊಡ್ಡಪ್ಪನ ಮಗಳ ಹೆಸರೂ ಅದೇ ಆದ್ದರಿಂದ ಚರಿತ್ರೆ ಓದುವವರು ಇಬ್ಬರನ್ನೂ ಬೆರೆಸಿಬಿಡುವುದುಂಟು. ತಂಗಿಯ ಗಂಡ ಚನ್ನಬಸವನ ಕಣ್ಣು ಸಿಂಹಾಸನದ ಮೇಲಿದೆ ಎಂಬ ಸಂಶಯ ಅರಸನಿಗೆ. ಸಂಶಯ ಪೂರ್ತಿ ಸುಳ್ಳೂ ಅಲ್ಲ. ಕಾದಂಬರಿಯಲ್ಲಿ ಅರಸ ತಂಗಿಯನ್ನು ಅರಮನೆಯಲ್ಲೇ ಕಾವಲಿನಲ್ಲಿಡುತ್ತಾನೆ. ನಾದಿನಿಯನ್ನು ಬಿಡಿಸುವುದಕ್ಕೆ ಓಡಾಡುವವಳು ರಾಣಿ ಗೌರಮ್ಮಾಜಿ. ಗಂಡನಿಗೆ ಎದುರಾಡದೆ, ಗಂಡ ಮಾಡುತ್ತಿರುವುದು ತಪ್ಪೆಂದು ಗೊತ್ತಿದ್ದೂ, ಎಲ್ಲಿ ಎಷ್ಟು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು, ಯಾವಾಗ ಮಗಳನ್ನು ಮುಂದೆ ಬಿಡಬೇಕು ಎಂದು ಅಳೆದು ಸುರಿದು ನಡೆಯುವ ಹೆಣ್ಣು. ಕಡೆಗೆ ತಂಗಿಗೆ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ತಂಗಿ ಗಂಡನೊಡನೆ ಗಡಿ ದಾಟಿ ಓಡಿ ಬ್ರಿಟಿಷರ ಆಶ್ರಯ ಪಡೆಯುತ್ತಾಳೆ. 1832ರಲ್ಲಿ ನಿಜವಾಗಿಯೂ ಆ ಗಂಡ ಹೆಂಡತಿ ಮೈಸೂರಿನಲ್ಲಿದ್ದ ರೆಸಿಡೆಂಟ್ ಕ್ಯಾಸಮೇಜರ್‌ನ ಬಳಿ ಹೋಗಿ ರಕ್ಷಣೆ ಕೇಳಿದರು. ಕಂಪನಿಗೆ ಕೊಡಗಿನ ಒಳಮನೆಗೆ ಕೈಹಾಕಲು ಬೇಕಾಗಿದ್ದ ಸಂದು ಸಿಕ್ಕಿದ್ದು ಅಲ್ಲಿ.

ಗೌರಮ್ಮಾಜಿ ತಪ್ಪು ಮಾಡಿದಳೇ? ನಾದಿನಿಯನ್ನು ಬಿಡಿಸದೆ ಇದ್ದಿದ್ದರೆ ಕಂಪನಿಗೆ ನೆಪ ಇಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಬಿಡಿಸದೆ ಇದ್ದಿದ್ದರೆ ಒಬ್ಬ ಹೆಣ್ಣುಮಗಳು ತವರಿನಲ್ಲೇ ಸೆರೆಯಾಗಿ ಕೊಳೆಯುತ್ತಿದ್ದಳು. ದೇವಮ್ಮಾಜಿ ಓಡಬಾರದಿತ್ತೇ? ಅಣ್ಣನ ಕೈಯಲ್ಲಿ ಬದುಕಿ ಉಳಿಯುವ ಭರವಸೆ ಯಾರಿಗಿತ್ತು? ಕಾದಂಬರಿಯಲ್ಲಿ ಆ ಓಟದ ಗದ್ದಲದಲ್ಲಿ ಅವಳ ಕೂಸು ಹಿಂದೆ ಉಳಿದು ಸೋದರಮಾವನ ಕೈಗೆ ಸಿಗುತ್ತದೆ. ಕೂಸು ಉಳಿಯುವುದಿಲ್ಲ. ಓದುಗನಿಗೆ ಕಂಸನ ನೆನಪಾಗದೆ ಇರದು. ಅಷ್ಟಾದರೂ ಭಾಗವತದ ಕಂಸನನ್ನು ದ್ವೇಷಿಸಿದಷ್ಟು ನಿಶ್ಚಿಂತೆಯಿಂದ ಈ ಮಾವನನ್ನು ದ್ವೇಷಿಸಲು ಮಾಸ್ತಿ ಬಿಡುವುದಿಲ್ಲ. ಕುಡಿತ, ರೋಗ, ಭಯ, ಸಿಟ್ಟು ಇವುಗಳಲ್ಲಿ ಕೊಳೆತುಹೋದ ಆ ಮನುಷ್ಯನೊಳಗೆ ಮಗಳನ್ನು ಕಂಡರೆ ಕರಗುವ ಅಪ್ಪನೊಬ್ಬ ಉಳಿದಿದ್ದಾನೆ. ತನ್ನ ಮಗಳನ್ನು ಮುದ್ದಾಡುವ ಕೈಯೇ ತಂಗಿಯ ಕೂಸಿನ ಮೇಲೆ ಏಳುತ್ತದೆ.

ಇಬ್ಬರು ಮಂತ್ರಿಗಳ ಮಾತಿಗೆ ಬರುತ್ತೇನೆ. ಕಾದಂಬರಿಯ ಜೀವ ಇರುವುದು ಇಲ್ಲಿ.

ಲಕ್ಷ್ಮೀನಾರಾಯಣಯ್ಯ ಹಿರಿಯ, ಸಂಕೋಚದ ಮನುಷ್ಯ. ಅರಸ ಎಂಥವನಾದರೂ ಅರಸ, ಅವನನ್ನು ತಿದ್ದುವುದಷ್ಟೇ ಮಂತ್ರಿಯ ಕೆಲಸ ಎಂದು ನಂಬಿ ಕಡೆಯವರೆಗೂ ತಿದ್ದುವ ದಾರಿ ಹುಡುಕುವವನು. ಬೋಪಣ್ಣ ಕೊಡವ. ಕೊಡವನಿಗೆ ಒಕ್ಕ ಎಂಬ ಅವನ ಕುಲ ಇದೆ, ಐನ್‌ಮನೆ ಎಂಬ ಮೂಲಮನೆ ಇದೆ, ಊರಿನ ಮುಖಂಡ ತಕ್ಕ ಇದ್ದಾನೆ, ತನ್ನ ಮಾತಿಗೆ ಕೋವಿ ಹಿಡಿದು ಬರುವ ಜನ ಇದ್ದಾರೆ. ಅರಮನೆಯಿಂದ ಅನ್ಯಾಯವಾದವರು ಬಂದು ನಿಲ್ಲುವುದು ಅವನ ಅಂಗಳದಲ್ಲಿ. ಲಕ್ಷ್ಮೀನಾರಾಯಣಯ್ಯನಿಗೆ ಕಡತದ ಮೂಲಕ ತಿಳಿಯುವ ದುಃಖ ಬೋಪಣ್ಣನಿಗೆ ಮುಖದ ಮೂಲಕ ತಿಳಿಯುತ್ತದೆ. ಹಾಗಾಗಿ ಒಂದೇ ಅರಸನ ಸೇವೆಯಲ್ಲಿರುವ ಈ ಇಬ್ಬರು ಸಜ್ಜನರು ಒಂದೇ ಪ್ರಶ್ನೆಗೆ ಎರಡು ಉತ್ತರ ಕಾಣುತ್ತಾರೆ. ಅರಸನನ್ನು ಇಳಿಸುವುದೆಂದರೆ ಯಾರನ್ನು ಏರಿಸುವುದು? ರಾಣಿಯನ್ನೇ, ಅರಸನ ಚಿಕ್ಕ ಮಗಳನ್ನೇ, ಮನೆತನದ ಬೇರೆ ಯಾರನ್ನಾದರೂ? ಈ ಮಾತುಕತೆಗಳಿಗೆ ಮಾಸ್ತಿಯವರು ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಆತುರದ ಓದುಗರಿಗೆ ಬೇಸರ ಬರಬಹುದು. ನನಗೆ ಇಡೀ ಪುಸ್ತಕದಲ್ಲಿ ಇವೇ ಹೆಚ್ಚು ಪ್ರಿಯ. ಯಾರೂ ದನಿ ಏರಿಸುವುದಿಲ್ಲ, ಯಾರೂ ಮರ್ಯಾದೆ ಮೀರುವುದಿಲ್ಲ, ಎಲೆಯಡಿಕೆ ತಟ್ಟೆ ನಡುವೆ ಇಟ್ಟುಕೊಂಡು ಕುಳಿತಂಥ ಮಾತು. ಒಂದೊಂದು ಮಾತಿಗೂ ರಾಜ್ಯವೊಂದು ಒಂದೊಂದು ಗೇಣು ಜಾರುತ್ತಿರುತ್ತದೆ.

ಇಂಥ ಮಾತುಕತೆ ಮಾಸ್ತಿಯವರಿಗೆ ಪುಸ್ತಕದಿಂದ ಬಂದದ್ದಾಗಿರಲಾರದು. ಅವರು ಮೈಸೂರು ಸಿವಿಲ್ ಸರ್ವೀಸಿನಲ್ಲಿ ದಶಕಗಳ ಕಾಲ ಅಧಿಕಾರಿಯಾಗಿದ್ದವರು. ತಮಗಿಂತ ಕಿರಿಯರಾದವರಿಗೆ ಮೇಲಿನ ಸ್ಥಾನ ಸಿಕ್ಕಿದಾಗ ರಾಜೀನಾಮೆ ಕೊಟ್ಟು ಹೊರಬಂದವರು. ಮೇಲಿನವರು ತಪ್ಪು ಮಾಡುತ್ತಿದ್ದಾರೆ ಎಂದು ಗೊತ್ತಿದ್ದ ಅಧಿಕಾರಿ ಎಲ್ಲಿಯವರೆಗೆ ಒಳಗಿದ್ದು ಕೆಲಸ ಮಾಡಬೇಕು, ಯಾವಾಗ ಹೊರಗೆ ಬರಬೇಕು ಎಂಬ ಪ್ರಶ್ನೆಯನ್ನು ಅವರು ಬದುಕಿನಲ್ಲಿ ಕಂಡಿದ್ದರು. ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ ಇಬ್ಬರಿಗೂ ಅವರು ಸಮನಾದ ಗೌರವ ಕೊಟ್ಟದ್ದು ಅದಕ್ಕೇ ಇರಬೇಕು. ಇದಕ್ಕೂ ಮೊದಲು ಅವರು ಬರೆದ ‘ಚನ್ನಬಸವನಾಯಕ’ದ ವಸ್ತುವೂ ಹೈದರಾಲಿಯ ಕೈಸೇರಿದ ಬಿದನೂರಿನ ಪತನ. ಅಲ್ಲೂ ಒಳಮನೆಯ ಜಗಳ ರಾಜ್ಯವನ್ನು ತಿನ್ನುತ್ತದೆ. ಆದರೆ ಕೊಡಗಿನ ಕಥೆಯಲ್ಲಿ ಬಂದಿರುವ ಆಳ ಅದರಲ್ಲಿ ಇಲ್ಲ.

ಮಾಸ್ತಿಯವರ ಎದುರು ಇದ್ದ ಸಾಮಗ್ರಿ ಎಂಥದು ಎಂಬುದನ್ನೂ ನೆನೆಯಬೇಕು. ಕೊಡಗಿನ ಅರಸರ ಚರಿತ್ರೆಯನ್ನು ದೊಡ್ಡವೀರರಾಜೇಂದ್ರ ಕನ್ನಡದಲ್ಲಿ ‘ರಾಜೇಂದ್ರನಾಮೆ’ ಎಂದು ಬರೆಸಿದ್ದ. ಅದು ಅವನ ಕಾಲಕ್ಕೇ ನಿಲ್ಲುತ್ತದೆ. ಕೊನೆಯ ಅರಸನ ಬಗ್ಗೆ ಬರೆದವರು ಗೆದ್ದವರು ಮತ್ತು ಅವರ ಬಳಗದವರು. ಮಂಗಳೂರು ಸಮಾಚಾರ ಪತ್ರಿಕೆ ನಡೆಸಿದ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಕುರಿತ ಪುಸ್ತಕ ತಂದ. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿ ಬರೆದ. ಆ ಬರಹಗಳಲ್ಲಿ ಅರಸ ರಕ್ತಪಿಪಾಸು, ಕಂಪನಿ ಜನರನ್ನು ಉದ್ಧರಿಸಲು ಬಂದ ಕೈ. ಜನರ ಒಕ್ಕೊರಲ ಬಯಕೆಯಂತೆ ಕೊಡಗನ್ನು ಸೇರಿಸಿಕೊಳ್ಳುತ್ತಿದ್ದೇವೆ ಎಂದು ಕಂಪನಿ ಸಾರಿತ್ತಲ್ಲ, ಅದಕ್ಕೆ ತಕ್ಕ ಚರಿತ್ರೆಯೇ ಅವರಿಗೆ ಬೇಕಿತ್ತು. ಅರಸನ ಕ್ರೌರ್ಯ ಪೂರ್ತಿ ಕಟ್ಟುಕಥೆ ಎಂದು ಯಾರೂ ಹೇಳಲಾರರು. ಆದರೆ ಕ್ರೂರ ಅರಸರೆಲ್ಲರ ರಾಜ್ಯವನ್ನೂ ಕಂಪನಿ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡ ರಾಜ್ಯಗಳಲ್ಲೆಲ್ಲ ಕ್ರೂರ ಅರಸರೂ ಇರಲಿಲ್ಲ. ಈ ವಿಷಯದಲ್ಲಿ ಮಾಸ್ತಿಯವರ ಬಗ್ಗೆ ನನಗೆ ಒಂದು ಅಸಮಾಧಾನವಿದೆ. ಅವರ ಕಾದಂಬರಿಯಲ್ಲಿ ಬ್ರಿಟಿಷರಿಗೆ ಸಿಗಬೇಕಾದಷ್ಟು ಕಠಿಣ ನೋಟ ಸಿಕ್ಕಿಲ್ಲ. ದೊಡ್ಡ ತಪ್ಪೆಲ್ಲ ಮನೆಯೊಳಗೇ ಇದೆ ಎಂಬ ಭಾರ ಓದುಗನ ಮೇಲೆ ಬೀಳುತ್ತದೆ. ಬಾಗಿಲ ಸಂದಿನಲ್ಲಿ ಕಾದು ನಿಂತವನ ಲೋಭವೂ ಅಷ್ಟೇ ವಿವರದಲ್ಲಿ ಬಂದಿದ್ದರೆ ಬೋಪಣ್ಣನ ಸಂಕಟ ಇನ್ನೂ ಹರಿತವಾಗುತ್ತಿತ್ತು.

ಏಕೆಂದರೆ ಬೋಪಣ್ಣ ಬಯಸಿದ್ದು ಅರಸನ ಬದಲಾವಣೆ. ಅವನಿಗೆ ಸಿಕ್ಕಿದ್ದು ಅರಸೊತ್ತಿಗೆಯ ಕೊನೆ. ಕಾದಂಬರಿಯಲ್ಲಿ ಕಂಪನಿಯವರು ಬಂದು ಅರಸನನ್ನು ಇಳಿಸಿ ರಾಜ್ಯವನ್ನು ನಮ್ಮವರ ಕೈಗೇ ಒಪ್ಪಿಸುತ್ತಾರೆ ಎಂಬ ನಂಬಿಕೆ ಒಳ್ಳೆಯವರ ಮಾತಿನಲ್ಲಿ ಮತ್ತೆ ಮತ್ತೆ ಸುಳಿಯುತ್ತದೆ. ಮುಂದೇನಾಯಿತು ಎಂಬುದು ನಮಗೆ ಗೊತ್ತಿರುವುದರಿಂದ ಆ ಮಾತು ಬಂದಾಗಲೆಲ್ಲ ಪುಸ್ತಕದೊಳಕ್ಕೆ ಕೈಚಾಚಿ ಅವರ ಭುಜ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ಚರಿತ್ರೆ ಆ ಆಯ್ಕೆಯ ಬೆಲೆಯನ್ನು ಬೇಗನೆ ಕೇಳಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕಿತ್ತು ದಕ್ಷಿಣ ಕನ್ನಡಕ್ಕೆ ಸೇರಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದಿತು. 1837ರಲ್ಲಿ ಸುಳ್ಯ ಕಡೆಯ ರೈತರು ಎದ್ದರು. ಹಾಲೇರಿ ವಂಶದ ಹೆಸರಿನಲ್ಲೇ ದಂಡು ಕೂಡಿತು. ಮಂಗಳೂರಿನವರೆಗೆ ನುಗ್ಗಿ ಬಾವುಟಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಆ ಊರನ್ನು ಹಿಡಿದುಕೊಂಡರು. ಅದೇ ವರ್ಷ ಅಕ್ಟೋಬರ್ 31ರಂದು ಬಂಡಾಯದ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ದಿವಾನ ಲಕ್ಷ್ಮೀನಾರಾಯಣನನ್ನು ಸೆರೆಯಲ್ಲಿಟ್ಟರು. ಬೋಪಣ್ಣ ಕಂಪನಿಯ ಪರ ನಿಂತ. ಬಂಡಾಯ ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಹಂಚಿತು. ಒಂದೇ ಅರಸನ ಎಡಬಲದಲ್ಲಿ ನಿಂತು ಒಂದೇ ನಾಡಿನ ಒಳಿತು ಬಯಸಿದ್ದ ಇಬ್ಬರು ದಿವಾನರಲ್ಲಿ ಮೂರೇ ವರ್ಷಕ್ಕೆ ಒಬ್ಬ ಕಂಪನಿಯ ನೆಚ್ಚಿನವ, ಒಬ್ಬ ಕಂಪನಿಯ ಕೈದಿ.

ಕಾದಂಬರಿ ಬಂದ 1956ನೇ ಇಸವಿಯೇ ಒಂದು ವಿಶೇಷ. ಸ್ವಾತಂತ್ರ್ಯದ ನಂತರ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಆ ವರ್ಷದ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಕೊಡಗು ಯಾರದು, ಅದರ ತೀರ್ಮಾನ ಮಾಡುವವರು ಯಾರು ಎಂಬ ಮಾತು ಮನೆಮನೆಯಲ್ಲಿ ನಡೆಯುತ್ತಿದ್ದ ಹೊತ್ತಿನಲ್ಲಿ, ಇದೇ ಮಾತು ನೂರಿಪ್ಪತ್ತು ವರ್ಷದ ಹಿಂದೆ ಹೇಗೆ ನಡೆದಿತ್ತು ಎಂದು ಹೇಳುವ ಪುಸ್ತಕ ಬಂತು. 1983ರ ಸಾಲಿನ ಜ್ಞಾನಪೀಠ ಮಾಸ್ತಿಯವರಿಗೆ ಸಂದಾಗ ಇಡೀ ದೇಶ ಈ ಕಾದಂಬರಿಯ ಹೆಸರು ಕೇಳಿತು. ಈಗ ಅದನ್ನು ಪೂರ್ತಿ ಓದಿರುವ ಇಪ್ಪತ್ತರ ಹರೆಯದವರು ನನಗೆ ಸಿಗುವುದು ಅಪರೂಪ, ಆ ಕೊರಗು ನನಗಿದೆ. ನಿಧಾನದ ಗದ್ಯ, ಮರ್ಯಾದೆಯ ಮಾತು, ಯುದ್ಧದ ಅಬ್ಬರವಿಲ್ಲದ ಯುದ್ಧ ಅವರನ್ನು ದೂರ ಇಟ್ಟಿರಬಹುದು. ಮನೆಯ ಹಿರಿಯನೊಬ್ಬ ಕುಡಿದು ಕೆಟ್ಟು ಇಡೀ ಸಂಸಾರವನ್ನು ಕೊಲ್ಲುತ್ತಿರುವಾಗ ಅವನನ್ನು ಮುಚ್ಚಿಟ್ಟು ಕಾಪಾಡಬೇಕೋ, ಹೊರಗಿನವರನ್ನು ಕರೆಯಬೇಕೋ ಎಂದು ಕಂಗೆಟ್ಟು ಕುಳಿತ ಮನೆಗಳು ಇಂದಿಗೂ ಕಡಿಮೆಯಿಲ್ಲ. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಗೌರಮ್ಮಾಜಿಯನ್ನು ಯಾರೂ ವಿವರಿಸಬೇಕಿಲ್ಲ.

ಅರಸನ ಮುಂದಿನ ಬದುಕು ಇನ್ನೊಂದು ಕಾದಂಬರಿಗೆ ಆಗುವಷ್ಟಿದೆ. ಕಂಪನಿ ಅವನನ್ನು ಕಾಶಿಯಲ್ಲಿ ಇಟ್ಟಿತು. ದೊಡ್ಡವೀರರಾಜೇಂದ್ರ ಕಂಪನಿಯಲ್ಲಿ ತೊಡಗಿಸಿದ್ದ ಹಣ ತನಗೆ ಬರಬೇಕೆಂಬುದು ಅವನ ಹಟ. ಮಗಳಿಗೆ ಕ್ರೈಸ್ತ ಶಿಕ್ಷಣ ಕೊಡಿಸುತ್ತೇನೆಂದು ಹೇಳಿ ಅನುಮತಿ ಪಡೆದು 1852ರಲ್ಲಿ ಇಂಗ್ಲೆಂಡಿಗೆ ಹೊರಟ. ಜೊತೆಗೆ ಹನ್ನೊಂದು ವರ್ಷದ ಮಗಳು, ಅವಳ ಹೆಸರೂ ಗೌರಮ್ಮ. ಅದೇ ವರ್ಷ ಅವಳಿಗೆ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಕೊಟ್ಟಳು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಪಂಜಾಬಿನಿಂದ ಹೀಗೆಯೇ ಕರೆತಂದಿದ್ದ ದುಲೀಪ್ ಸಿಂಗನಿಗೆ ಅವಳನ್ನು ಕೊಟ್ಟು ಮದುವೆ ಮಾಡುವ ಆಸೆ ರಾಣಿಗಿತ್ತು, ಅದು ಕೂಡಿಬರಲಿಲ್ಲ.

ಅಪ್ಪ ಮಗಳನ್ನು ರಾಣಿಯ ಕೈಗೆ ಕೊಟ್ಟದ್ದು ಯಾಕೆ? ರಾಣಿಯ ಕೃಪೆ ಸಿಕ್ಕಿದರೆ ಹಣದ ದಾವೆ ಗೆಲ್ಲುತ್ತದೆ ಎಂಬ ಲೆಕ್ಕ ಎಂದು ಅಂದೇ ಆಡಿಕೊಂಡವರಿದ್ದರು. ನಾಡು ಹೋದ ಮೇಲೆ ಮಗಳಿಗಾದರೂ ಒಂದು ನೆಲೆ ಇರಲಿ ಎಂಬ ಆಸೆಯೂ ಇದ್ದೀತು. ವೀರಶೈವ ಅರಸನೊಬ್ಬ ತನ್ನ ಮಗಳ ಕೊರಳಿನ ಲಿಂಗ ತೆಗೆಸಿ ಪರರ ಧರ್ಮಕ್ಕೆ ಒಪ್ಪಿಸಿದ ಆ ತೀರ್ಮಾನವನ್ನು ನಾನು ಬೋಪಣ್ಣನ ತೀರ್ಮಾನದ ಪಕ್ಕದಲ್ಲೇ ಇಟ್ಟು ನೋಡುತ್ತೇನೆ. ಅರಸನನ್ನು ಕಳೆದುಕೊಂಡಾದರೂ ನಾಡು ಉಳಿಯಲಿ ಎಂದು ದಿವಾನ ಕಂಪನಿಯನ್ನು ನಂಬಿದ, ಮಗಳನ್ನು ಕೊಟ್ಟಾದರೂ ಮನೆತನದ ಹಕ್ಕು ಉಳಿಯಲಿ ಎಂದು ಅರಸ ಅದೇ ಬ್ರಿಟಿಷರ ರಾಣಿಯನ್ನು ನಂಬಿದ. ಅವನು 1859ರಲ್ಲಿ ಲಂಡನ್ನಿನಲ್ಲಿ ಸತ್ತ. ಮರುವರ್ಷ ಗೌರಮ್ಮ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು. ಕಂಪನಿ ಆ ಹಣ ಹಿಡಿದಿಟ್ಟುಕೊಂಡದ್ದು ರಾಜ್ಯಾಧಿಕಾರದ ಕೃತ್ಯ, ನ್ಯಾಯಾಲಯ ಅದರಲ್ಲಿ ಕೈಹಾಕುವಂತಿಲ್ಲ ಎಂದು ದಾವೆ ಬಿದ್ದುಹೋಯಿತು. 1864ರಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಈಡಿತ್ ಎಂಬ ಹೆಣ್ಣುಕೂಸನ್ನು ಬಿಟ್ಟು ಗೌರಮ್ಮನೂ ತೀರಿಕೊಂಡಳು.